ಇಪ್ಪತ್ತನೆಯ ದಿನ ಓಡಿದ ಕೋಳಿ

ತಮಾಲೆ
ಮಾರ್ಚ್ ೧೪

ಪ್ರೀತಿಯ ರಹಿನಕ್ಕಾ,

ಎರಡು ಕಾಗದ ಬರೆದರೂ ಉತ್ತರವಿಲ್ಲವೆಂದು ನೀನು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದು. ಕುಮಾಸಿಯಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ಇಲ್ಲಿಯ ಸೌಖ್ಯ ಕೇಳಬೇಡ. ನಮ್ಮವರು ಮತ್ತೆ ಆಸ್ಪತ್ರೆ ಸೇರಿದ್ದಾರೆ.

ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿ, ಎರಡು ಬೆರಳಿನಷ್ಟು ಜಾಗ ಖಾಲಿಯಾಗಿತ್ತಲ್ಲ, ಡಾಕ್ಟರ್ ವುಂಪಿನಿ ಅಲ್ಲಿಗೆ ಕಾರ್ಖಾನೆಯಲ್ಲಿ ಮಾಡಿದ ಬಿಳಿ ಹರಳು ತುಂಬಿ, ಉಕ್ಕಿನ ಪಟ್ಟಿ ಹಾಕಿ ಬಿಗಿದಿದ್ದರು. ಅದು ಯಾವ ಸತ್ತವನ ಮೂಳೆ ಎಂದು ಅತ್ತೆ ನೂರು ಸಲ ಕೇಳಿದರು. ಯಾರದ್ದೂ ಅಲ್ಲ, ಹೆಗ್ಗೆಣಸಿನ ಬಳ್ಳಿಗೆ ಕೋಲು ನೆಟ್ಟ ಹಾಗೆ ಅಷ್ಟೆ, ನಿಮ್ಮ ಮಗನ ಮೂಳೆಯೇ ಅದರೊಳಗೆ ಹಬ್ಬಿ ಬೆಳೆಯಬೇಕು, ಮೂರು ತಿಂಗಳು ಕಾಲು ಊರುವಂತಿಲ್ಲ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಮನೆಗೆ ಬಂದ ಮರುದಿನವೇ ಅತ್ತೆ ಮೂಳೆ ಕಟ್ಟುವ ಡೋಕುರುಗು ಅಜ್ಜನನ್ನು ಕರೆಸಿದರು. ಇವರ ಕಾಲನ್ನು ಆತ ಮುಟ್ಟಲಿಲ್ಲ, ಅಷ್ಟು ಪುಣ್ಯ. ಒಂದು ಕಂದು ಕೋಳಿಯ ಕಾಲು ಮುರಿದು, ಕಡ್ಡಿ ಇಟ್ಟು ಕಟ್ಟಿ, ಇದು ನಡೆದ ದಿನ ಇವನೂ ನಡೆಯುತ್ತಾನೆ ಎಂದು ಹೇಳಿ ಹೋದ. ಅಂದಿನಿಂದ ಮನೆಯಲ್ಲಿ ನನಗಿಂತ ಕೋಳಿಗೇ ಮರ್ಯಾದೆ. ನಾನು ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರೆ, ಕೋಳಿಗೆ ಹಾಕಿದೆಯಾ ಎಂದು ಇವರು ಮೊದಲು ಕೇಳುವುದು.

ಇಪ್ಪತ್ತನೆಯ ದಿನ ಅಜ್ಜ ಬಂದು ಕಟ್ಟು ಬಿಚ್ಚಿದ. ಕೋಳಿ ಅಂಗಳ ದಾಟಿ ಓಡಿತು. ಅತ್ತೆ ಖುಷಿಗೆ ಅತ್ತೇಬಿಟ್ಟರು. ಇವರು ಊರುಗೋಲು ಬದಿಗಿಟ್ಟು, ಬಿದ್ದಂದಿನಿಂದ ನಿಂತೇ ಇದ್ದ ತಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತರು. ಡಾಕ್ಟರ್ ಬೇಡವೆಂದಿದ್ದಾರೆ ಎಂದು ನೆನಪಿಸಿದ್ದಕ್ಕೆ, "ನಾನು ಎದ್ದು ಓಡಾಡೋದು ನಿನಗೆ ಇಷ್ಟ ಇಲ್ವೇನೆ?" ಎಂದರು. ನಾಲ್ಕು ದಿನ ಯಂತ್ರ ತುಳಿದರು. ಐದನೆಯ ದಿನ ಪಟ್ಟಿ ಬಾಗಿ ಕಾಲು ಸೊಟ್ಟಗಾಯಿತು.

"ಕೋಳಿ ಓಡ್ತಲ್ಲ ಡಾಕ್ಟ್ರೇ" ಎಂದು ಇವರು ಆಸ್ಪತ್ರೆಯಲ್ಲೂ ವಾದಿಸಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಕೋಳಿಗೆ ಮೂಳೆ ಮುರಿದಿತ್ತು, ಯಾಕುಬು. ನಿಮಗೆ ಅಲ್ಲಿ ಮೂಳೆಯೇ ಇರ್ಲಿಲ್ಲ" ಎಂದರು ಡಾಕ್ಟರ್.

ಮತ್ತೆ ತೆರೆದು ಹೊಸ ಹರಳು ತುಂಬುತ್ತಾರಂತೆ. ಈ ಸಲವೂ ಮೂಳೆ ಕೂಡದಿದ್ದರೆ ಕಾಲನ್ನೇ ತೆಗೆಯಬೇಕಾದೀತಂತೆ. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಕೋಳಿಗೆ ಕೂಡಿದ್ದು ನನಗ್ಯಾಕೆ ಕೂಡಲಿಲ್ಲ, ನನ್ನಲ್ಲೇ ಏನೋ ಕೆಟ್ಟದ್ದಿದೆ ಎಂದು ಒಂದೇ ರಾಗ. ಕೇಳಿ ಕೇಳಿ ನನಗೆ ಸಾಕಾಗಿದೆ.

ಅಲ್ಲಾಹು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಮಕ್ಕಳ ಕೈಕಾಲು ಕಾಯಲಿ.

ನಿನ್ನ ತಂಗಿ,
ಸನಾತು

ಇನ್ನೊಂದು ಮಾತು. ಓದಿ ಹರಿದುಹಾಕು. ಅಜ್ಜ ಕಾಲು ಮುರಿದ ಕೋಳಿ ಆರನೆಯ ದಿನವೇ ಸತ್ತಿತ್ತು. ಕಂಡರೆ ಇವರು ಎದೆಗುಂದುತ್ತಾರೆಂದು ಹೆದರಿ, ಮಾರುಕಟ್ಟೆಗೆ ಓಡಿ ಅದೇ ಬಣ್ಣದ್ದೊಂದನ್ನು ತಂದು, ಅದರ ಗಟ್ಟಿ ಕಾಲಿಗೆ ಕಡ್ಡಿ ಕಟ್ಟಿದ್ದು ನಾನೇ. ನಾಲ್ಕು ದಿನ ಇವರು ಯಂತ್ರ ತುಳಿಯುವುದನ್ನು ನೋಡುತ್ತ ಪಕ್ಕದಲ್ಲೇ ಕುಳಿತಿದ್ದೆ ಅಕ್ಕಾ, ಬಾಯಿ ಬಿಡಲಿಲ್ಲ.