ಇಪ್ಪತ್ತೆರಡು ವರ್ಷ ಖಾಲಿಯಿದ್ದ ಕುರ್ಚಿ

ಬೆತೆಲ್ ಕ್ರಾಸಿಂಗ್, ದಕ್ಷಿಣ ಕೆರೊಲಿನಾ
ನವೆಂಬರ್ 4, 1901

ಪ್ರೀತಿಯ ಗೆಳತಿ ಡ್ರುಸಿಲಾ,

ನೀನು ಕ್ಷೇಮವೆಂದೂ ವಾಷಿಂಗ್ಟನ್ನಿನ ಚಳಿ ನಿನ್ನ ಮಂಡಿಗಳನ್ನು ಹೆಚ್ಚು ಕಾಡುತ್ತಿಲ್ಲವೆಂದೂ ನಂಬಿದ್ದೇನೆ. ನಾನಿನ್ನೂ ಗಟ್ಟಿಯಾಗಿದ್ದೇನೆ. ಇಸ್ತ್ರಿಪೆಟ್ಟಿಗೆ ಎತ್ತುವ ಬಲಗೈ ಮಾತ್ರ ಆಗಾಗ ನನ್ನ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದದ್ದು ಮಾರ್ಚಿನಲ್ಲಿ, ಈಗ ನವೆಂಬರ್. ಊರವರ ಬಟ್ಟೆ ಒಗೆದೂ ಒಗೆದೂ ಪುರುಸೊತ್ತಾಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ನೀನು ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಗಲು ಅಕ್ಟೋಬರ್ ತನಕ ಕಾಯಬೇಕಾಯಿತು. ಎರಡನೆಯದರ ಉತ್ತರ ನನ್ನ ಬಳಿ ಹತ್ತೊಂಬತ್ತು ವರ್ಷದಿಂದ ಇದೆ. ಬರೆಯಲು ಕೈ ಬಂದಿರಲಿಲ್ಲ.

ಮೊದಲನೆಯದರಿಂದಲೇ ಶುರು ಮಾಡುತ್ತೇನೆ. "ಜಿಲ್ಲೆಯಿಂದ ವಾಷಿಂಗ್ಟನ್ನಿನ ಸಭೆಗೆ ಹೋದವರ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿದ್ದಾರೆ, ನನ್ನ ಗಂಡನ ಹೆಸರೇ ಇಲ್ಲ. ಕೇಳುವವರು ಅಲ್ಲಿ ಯಾರೂ ಉಳಿದಿಲ್ಲವೇ?" ಎಂದು ನೀನು ಬರೆದಿದ್ದೆ. ಉಳಿದಿದ್ದೇವೆ, ಡ್ರುಸಿಲಾ. ಕೇಳಿದೆವು ಕೂಡ.

ಆ ಪಟ್ಟಿ ಮಾಡಿದವನು ಕರ್ನಲ್ ವೆದರ್ಸ್ಬಿ. ಕತ್ತಿ ಹಿಡಿದದ್ದಕ್ಕಿಂತ ಕತ್ತರಿ ಹಿಡಿದದ್ದೇ ಹೆಚ್ಚು, ಹಳೆಯ ಪತ್ರಿಕೆ ಕತ್ತರಿಸಿ ಅಂಟಿಸುವುದೇ ಅವನ ಕಸುಬು. ಹೊಸ ನ್ಯಾಯಾಲಯದ ಕಟ್ಟಡದಲ್ಲಿ ಅಮೃತಶಿಲೆಯ ಹಲಗೆ ನಿಲ್ಲಿಸಿ, ನೂರು ವರ್ಷದ ಪ್ರತಿನಿಧಿಗಳ ಹೆಸರನ್ನೆಲ್ಲ ಅದರ ಮೇಲೆ ಕೆತ್ತಿಸುವ ಯೋಜನೆ ಅವನದು. ಮೊದಲ ಹೆಸರು ಜನರಲ್ ಕ್ರಾಸ್‌ವೆಲ್. ಎಂಟು ವರ್ಷ ಕುರ್ಚಿಯಲ್ಲಿ ಕೂತು ಒಂದೇ ಸಲ ಬಾಯಿ ತೆರೆದ, ಅದೂ ಕಿಟಕಿ ಮುಚ್ಚಿ ಎನ್ನಲು. ಆಮೇಲೆ ಮೇಜರ್ ಲುಡ್ಲೋ, ಸಭೆಗಿಂತ ಹೆಚ್ಚು ಕುದುರೆ ಪಂದ್ಯದಲ್ಲಿ ಕಾಣಿಸಿಕೊಂಡವನು. ಆಮೇಲೆ ಆಗಸ್ಟಸ್ ಪೆಲ್‌ಹಾಮ್. ನನ್ನ ಅಮ್ಮ ಇದ್ದದ್ದು ಅವನ ಗದ್ದೆಯಲ್ಲಿ, ಅವನ ಎತ್ತುಗಳ ಹಾಗೆ ಅವನ ಸೊತ್ತಾಗಿ. ಅಮ್ಮನ ಪರವಾಗಿಯೂ ತಾನೇ ಪ್ರತಿನಿಧಿ ಎಂದು ಹತ್ತು ವರ್ಷ ಅಲ್ಲಿ ಕೂತಿದ್ದ. ಅವನ ಹೆಸರಿಗೆ ಮಾತ್ರ ಚಿನ್ನದ ನೀರು ತುಂಬಿಸಿದ್ದಾರಂತೆ.

ಅದರ ಕೆಳಗೆ ಒಂದೇ ಸಾಲು: 1861ರಿಂದ 1883, ಖಾಲಿ.

ಯುದ್ಧದ ವರ್ಷಗಳಲ್ಲಿ ಖಾಲಿಯಿತ್ತು, ನಿಜ. ಒಕ್ಕೂಟ ಬೇಡ, ಗುಲಾಮರು ಬೇಕು ಎಂದು ಅವರೇ ಎದ್ದು ಹೋಗಿದ್ದರು. ಆದರೆ ಯುದ್ಧ ಮುಗಿದ ಮೇಲೆ ಉತ್ತರದಿಂದ ಬಂದ ಮೇಷ್ಟರು ಏಳು ವರ್ಷ ಕೂತಿದ್ದರಲ್ಲ? ಆಮೇಲೆ ಎಂಟು ವರ್ಷ, ನಾಲ್ಕು ಸಲ ಗೆದ್ದು, ನಿನ್ನ ಎಲಿಹು ಕೂತಿದ್ದನಲ್ಲ? ಇಪ್ಪತ್ತೆರಡು ವರ್ಷ ಕುರ್ಚಿ ಖಾಲಿ ಬಿದ್ದಿದ್ದರೆ ಇಲಿ ಮರಿ ಹಾಕಿರುತ್ತಿತ್ತು.

ನನ್ನ ಹತ್ತಿರ ಬೀಜದ ಲಕೋಟೆಗಳಿವೆ. ನೆನಪಿದೆಯೇ? ಸರ್ಕಾರ ಪ್ರತಿ ವಸಂತದಲ್ಲಿ ಪ್ರತಿನಿಧಿಗಳ ಕೈಯಲ್ಲಿ ಜಿಲ್ಲೆಯ ಜನಕ್ಕೆ ಬೀಜ ಕಳಿಸುತ್ತಿತ್ತು. ಅಂಚೆಚೀಟಿ ಬೇಡ, ಆ ಜಾಗದಲ್ಲಿ ಪ್ರತಿನಿಧಿಯ ರುಜು ಇದ್ದರೆ ಸಾಕು. ನಿನ್ನ ಅಡಿಗೆಮನೆಯ ಮೇಜಿನಲ್ಲಿ ಕೂತು ನಾವಿಬ್ಬರೂ ವಿಳಾಸ ಬರೆಯುತ್ತಿದ್ದೆವು, ಎಲಿಹು ನಾಲಿಗೆ ಕಚ್ಚಿಕೊಂಡು 'ಎಲಿಹು ಪಿಂಡರ್' ಎಂದು ರುಜು ಹಾಕುತ್ತಿದ್ದ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅಕ್ಷರ ಕಲಿತವನ ರುಜು, ಮೊದಲ ಅಕ್ಷರ ಉಳಿದವುಗಳಿಗಿಂತ ಮೂರು ಪಟ್ಟು ದೊಡ್ಡದು. ಬಿಳಿಯರ ಮನೆಗಳಿಗೂ ಯಾಕೆ ಕಳಿಸಬೇಕು ಎಂದು ನಾನು ರೇಗಿದ್ದೆ. "ಹುರುಳಿಕಾಯಿಗೆ ಯಾರು ಯಾವ ಪಕ್ಷ ಅಂತ ಏನ್ ಗೊತ್ತು ಕೆಜೈಯಾ, ಬರಿ ಬರಿ" ಎಂದಿದ್ದ.

ಹದಿನಾಲ್ಕು ಲಕೋಟೆಗಳನ್ನು ಹೆಂಗಸರ ಬೈಬಲ್ ಸಂಘದ ಚೀಲದಲ್ಲಿ ಹಾಕಿಕೊಂಡು ಜೂನ್‌ನಲ್ಲಿ ಕರ್ನಲ್ ಮನೆಗೆ ಹೋದೆ. ಹಿಂಬಾಗಿಲಿಗೇ ಹೋದೆ. ಮುಂಬಾಗಿಲ ಜಗಳವನ್ನೂ ಅವತ್ತೇ ಕಟ್ಟಿಕೊಂಡರೆ ಬಂದ ಕೆಲಸ ಕೆಡುತ್ತಿತ್ತು. ಅವನು ಲಕೋಟೆಗಳನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ.

"ಇದೆಲ್ಲಾ ಏನೇ ಕೆಜೈಯಾ?"

"ರುಜು, ಕರ್ನಲ್ ಸಾಹೇಬ್ರೇ. ಖಾಲಿ ಕುರ್ಚಿ ರುಜು ಹಾಕುತ್ತಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

"ನೋಡು, ಅದು ಗಲಾಟೆ ಕಾಲ. ಅದನ್ನ ನಾವು ಇತಿಹಾಸ ಅಂತ ಎಣಿಸಲ್ಲ. ಬಟ್ಟೆ ಒಗೆಯೋಳಿಗೆ ಇದೆಲ್ಲಾ ಯಾಕೆ?"

"ನಿಮ್ಮನೆ ಬಟ್ಟೆ ಮೂವತ್ತು ವರ್ಷದಿಂದ ಒಗೀತಾ ಇದೀನಿ ಸಾಹೇಬ್ರೇ. ಯಾವ ಕಲೆ ಹೋಗುತ್ತೆ, ಯಾವುದು ಹೋಗಲ್ಲ ಅಂತ ನನಗಿಂತ ಯಾರಿಗೆ ಗೊತ್ತು?"

ಅವನ ಮುಖ ಕೆಂಪಾಯಿತು. ಅಷ್ಟರಲ್ಲಿ ಒಳಗಿನ ಕುರ್ಚಿಯಿಂದ ಅವನ ತಾಯಿ ಪರ್ಮೀಲಿಯಾ ಅಮ್ಮ ಕೂಗಿದಳು. ಎಂಬತ್ತೊಂಬತ್ತು ವಯಸ್ಸು, ಕಿವಿ ಬಲು ಮಂದ, ಆದ್ದರಿಂದ ಅವಳ ಗುಟ್ಟು ಬೀದಿಗೂ ಕೇಳುತ್ತದೆ. "ಯಾರೋ ಅದು? ಬೀನ್ಸ್ ಬೀಜದ ಲಕೋಟೆ ತಾನೇ? ಅದು ಪಿಂಡರ್ ಕಳಿಸಿದ್ದು! ಎಪ್ಪತ್ತೆಂಟರ ತರಕಾರಿ ಪ್ರದರ್ಶನದಲ್ಲಿ ನನಗೆ ಮೊದಲನೇ ಬಹುಮಾನ ಬಂತು. ಮಿಕ್ಕಿದೋರು ಒಂದು ಮೂಲಂಗಿನಾದ್ರೂ ಕಳಿಸಿದ್ರಾ?" ಕರ್ನಲ್ ಎದ್ದು ಬಾಗಿಲು ಮುಚ್ಚಿದ. ಹಲಗೆಯ ಮೇಲಿನ ಸಾಲು ಮಾತ್ರ ಬದಲಾಗಲಿಲ್ಲ. "ಅಮ್ಮನಿಗೆ ಅರಳು ಮರಳು" ಎಂದು ನನ್ನನ್ನು ಕಳಿಸಿದ. ಆ ಹಾದಿಯುದ್ದಕ್ಕೂ ನಾನು ಬೈದ ಬೈಗುಳವನ್ನು ಇಲ್ಲಿ ಬರೆದರೆ ಅಂಚೆಯವರು ಈ ಕಾಗದ ಮುಟ್ಟಲಿಕ್ಕಿಲ್ಲ.

ಅಕ್ಟೋಬರ್ ಹನ್ನೆರಡಕ್ಕೆ ಹಲಗೆಯ ಅನಾವರಣ. ಹಿಂದಿನ ಭಾನುವಾರ ಚರ್ಚಿನಲ್ಲಿ ನಾನು ವಿಷಯ ಎತ್ತಿದೆ. ಪ್ರಿನ್ಸ್ ಮಾವ ಬದುಕಿದ್ದಾನೆ, ಎಂಬತ್ತು ದಾಟಿದೆ. "ಪಾದ್ರಿ ಕೂಗಿದಾಗ ಓಗೊಡೋದು ನಮ್ಮ ಪದ್ಧತಿ ಅಲ್ವೇನಮ್ಮಾ? ಕರ್ನಲ್ ಕೂಗ್ತಾನೆ, ನಾವು ಓಗೊಡೋಣ. ಅದರಲ್ಲೇನು ತಪ್ಪು?" ಎಂದ. ಕೆಲವರು ನಕ್ಕರು, ಕೆಲವರು ನೆಲ ನೋಡಿದರು. ಯಾರನ್ನೂ ದೂರುವುದಿಲ್ಲ. ಈ ಊರಿನಲ್ಲಿ ಇದಕ್ಕಿಂತ ಸಣ್ಣ ಮಾತಿಗೆ ಮನೆಗಳು ಸುಟ್ಟಿವೆ.

ಅವತ್ತು ಮೆಟ್ಟಿಲ ಮೇಲೆ ಬಾವುಟ, ಬ್ಯಾಂಡು, ನಿಂಬೆ ಪಾನಕ. ನಾವು ಬೇಲಿಯಾಚೆ, ಒಳ್ಳೆಯ ಬಟ್ಟೆ ತೊಟ್ಟು ನಿಂತಿದ್ದೆವು. ಕರ್ನಲ್ ಒಂದೊಂದೇ ಹೆಸರು ಓದಿದ, ಪ್ರತಿ ಹೆಸರಿಗೂ ಚಪ್ಪಾಳೆ. ಪೆಲ್‌ಹಾಮ್‌ನ ಹೆಸರಿಗೆ ಬ್ಯಾಂಡೂ ಬಾರಿಸಿತು. ಆಮೇಲೆ "ಸಾವಿರದ ಎಂಟುನೂರ ಅರವತ್ತೊಂದರಿಂದ ಎಂಬತ್ತಮೂರು, ಖಾಲಿ" ಎಂದು ಉಸಿರೆಳೆದುಕೊಂಡ.

ಆ ಉಸಿರಿನ ಸಂದಿಯಲ್ಲಿ ನಾನು ಕೂಗಿದೆ: "ಎಲಿಹು ಪಿಂಡರ್!"

ಒಂಟಿ ದನಿ. ಮರುಕ್ಷಣ ಪ್ರಿನ್ಸ್ ಮಾವ ಕೋಲನ್ನು ನೆಲಕ್ಕೆ ಕುಟ್ಟಿ "ಎಲಿಹು ಪಿಂಡರ್!" ಎಂದ. ಆಮೇಲೆ ಇನ್ನೊಬ್ಬ, ಆಮೇಲೆ ಹೆಂಗಸರ ಸಾಲು, ಆಮೇಲೆ ನೆಲ ನೋಡಿದವರೂ. ಬ್ಯಾಂಡಿನವರು ಏನು ಮಾಡುವುದೆಂದು ತಿಳಿಯದೆ ಒಂದು ಸಲ ಡೋಲು ಬಡಿದೇಬಿಟ್ಟರು! ಷೆರೀಫ್ ಸೊಂಟಕ್ಕೆ ಕೈಯಿಟ್ಟು ಬೇಲಿಯ ಕಡೆ ಬರತೊಡಗಿದ. ಆಗ ಮುಂದಿನ ಸಾಲಿನಿಂದ ಪರ್ಮೀಲಿಯಾ ಅಮ್ಮ, ಏನು ನಡೆಯುತ್ತಿದೆಯೆಂದು ತಿಳಿದೋ ತಿಳಿಯದೆಯೋ, ಬ್ಯಾಂಡಿಗಿಂತ ಜೋರಾಗಿ ಅಂದಳು: "ಅಂತೂ ಒಬ್ರಾದ್ರೂ ಸರಿಯಾಗಿ ಹೇಳಿದ್ರಪ್ಪಾ! ನನ್ನ ಮಗನಿಗೆ ಯಾವತ್ತೂ ಹೆಸರು ನೆನಪಿರಲ್ಲ." ಬಿಳಿಯರ ಗುಂಪಿನಲ್ಲೇ ಯಾರೋ ನಕ್ಕರು. ಕರ್ನಲ್‌ನ ತಾಯಿಯನ್ನು ಬಂಧಿಸದೆ ನಮ್ಮನ್ನು ಬಂಧಿಸುವುದು ಹೇಗೆಂದು ಹೊಳೆಯದೆ ಷೆರೀಫ್ ಅಲ್ಲೇ ನಿಂತ. ನಾವು ಸಾಲಾಗಿ ಮನೆಗೆ ನಡೆದೆವು.

ಅಂದಿನಿಂದ ಐದು ಮನೆಗಳು ನನಗೆ ಬಟ್ಟೆ ಕಳಿಸುವುದನ್ನು ನಿಲ್ಲಿಸಿವೆ. ನಿಲ್ಲಿಸಲಿ. ಅವರ ಅಂಗಿ ಕೊರಳನ್ನು ಈ ಊರಿನಲ್ಲಿ ನನ್ನಷ್ಟು ಬೆಳ್ಳಗೆ ಮಾಡುವವರು ಇನ್ನೊಬ್ಬರಿಲ್ಲ, ಕ್ರಿಸ್ಮಸ್ಸಿನ ಹೊತ್ತಿಗೆ ಕೊಳಕು ಕೊರಳಿನಲ್ಲೇ ಬಂದು ಕರೆಯುತ್ತಾರೆ. ಚರ್ಚಿನ ದೊಡ್ಡ ಬೈಬಲ್ಲಿನ ಹಿಂಬದಿಯ ಹಾಳೆಯಲ್ಲಿ ಪೂರ್ತಿ ಪಟ್ಟಿಯನ್ನು ನಾನೇ ಬರೆದಿದ್ದೇನೆ, ಕ್ರಾಸ್‌ವೆಲ್‌ನಿಂದ ಈಚಿನವರ ತನಕ ಒಬ್ಬರನ್ನೂ ಬಿಡದೆ. ಪೆಲ್‌ಹಾಮ್‌ನ ಹೆಸರನ್ನೂ ಬರೆದೆ, ಅವನ ಹೆಸರಿನ ಪಕ್ಕ ನನ್ನ ಅಮ್ಮನ ಹೆಸರನ್ನೂ ಬರೆದೆ. ನಾವು ಅವರ ಹಾಗೆ ಖಾಲಿ ಬಿಡುವ ಜನವಲ್ಲ. ಎಲಿಹುವಿನ ಸಾಲಿಗೆ ಮಾತ್ರ ನನ್ನ ಅಕ್ಷರ ಬೇಡವೆನ್ನಿಸಿ, ಒಂದು ಲಕೋಟೆಯಿಂದ ಅವನ ರುಜು ಕತ್ತರಿಸಿ ಅಂಟಿಸಿದ್ದೇನೆ. ಕತ್ತರಿಸುವುದು ಕರ್ನಲ್‌ಗೆ ಮಾತ್ರ ಬರುತ್ತದೆಯೇ?

ಈ ಕಾಗದದ ಜೊತೆ ಒಂದು ಹಿಡಿ ಬೀನ್ಸ್ ಬೀಜ ಇಟ್ಟಿದ್ದೇನೆ. ಎಲಿಹು ಕಳಿಸಿದ ತಳಿ, ಪ್ರತಿ ವರ್ಷ ಹಾಕಿ ಉಳಿಸಿಕೊಂಡು ಬಂದದ್ದು. ನಿನ್ನ ಹಿತ್ತಿಲಿನಲ್ಲಿ ಕೋಲು ನೆಟ್ಟು ಹಬ್ಬಿಸು. ದೇವರು ನಿನಗೆ ಬೆಚ್ಚನೆಯ ಚಳಿಗಾಲವನ್ನೂ, ನೋವಿಲ್ಲದ ಮಂಡಿಯನ್ನೂ, ನಿನ್ನ ಮೊಮ್ಮಕ್ಕಳಿಗೆ ಅವರ ತಾತನ ನೆಟ್ಟನೆಯ ಬೆನ್ನನ್ನೂ ಕೊಡಲಿ.

ನಿನ್ನ ಹಳೆಯ ಗೆಳತಿ,
ಕೆಜೈಯಾ ಗುಡ್‌ಲೆಟ್

ಮರೆತಿಲ್ಲದ ಮಾತು: ರುಜು ಹಾಕಿ ಅರ್ಧ ಗಂಟೆಯಾಯಿತು, ಲಕೋಟೆ ಮುಚ್ಚಲು ಆಗುತ್ತಿಲ್ಲ. ನಿನ್ನ ಎರಡನೆಯ ಪ್ರಶ್ನೆ ಹಾಗೇ ಇದೆ. "ನಮ್ಮ ಚರ್ಚಿನ ಜನವೇ ತನ್ನನ್ನು ಒಂದು ಸೀಸೆ ವಿಸ್ಕಿಗೆ ಮಾರಿತು ಎಂದುಕೊಂಡೇ ಎಲಿಹು ಸತ್ತ, ಅದು ನಿಜವೇ?" ಎಂದು ಕೇಳಿದ್ದೆ. ಎಂಬತ್ತೆರಡರ ಚುನಾವಣೆಯಲ್ಲಿ ಜಿಲ್ಲೆಯಲ್ಲಿ ಅವನು ಸೋತದ್ದು ನಲವತ್ತೊಂದು ಮತಗಳಿಂದ. ಬೆತೆಲ್ ಕ್ರಾಸಿಂಗಿನಲ್ಲಿ ನಮ್ಮವರು ಅರವತ್ತೆರಡು ಜನ ಚೀಟಿ ಹಾಕಿದರು, ಎಣಿಕೆಗೆ ಬಂದದ್ದು ಒಂಬತ್ತು. ಅವನು ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅದು ಎಂಟು ಪೆಟ್ಟಿಗೆಯ ಕಾನೂನು ಬಂದ ವರ್ಷ. ಒಂದೊಂದು ಹುದ್ದೆಗೆ ಒಂದೊಂದು ಪೆಟ್ಟಿಗೆ, ಮೇಲೆ ಬರೀ ಬರಹ, ಚೀಟಿ ತಪ್ಪು ಪೆಟ್ಟಿಗೆಗೆ ಬಿದ್ದರೆ ಅದು ಚೀಟಿಯೇ ಅಲ್ಲ. ನಮ್ಮ ಗಂಡಸರಲ್ಲಿ ಓದಬಲ್ಲವರು ಎಷ್ಟಿದ್ದರು? ಬೆಳಿಗ್ಗೆ ಮತ ಹಾಕುವ ಕೋಣೆ ಗುಡಿಸುವ ಕೆಲಸ ನನ್ನದಾಗಿತ್ತು. ಪೆಟ್ಟಿಗೆಗಳ ಬರಹ ಓದಿಕೊಂಡು ಬಂದು, ಚರ್ಚಿನ ಅಂಗಳದಲ್ಲಿ ನಿಂತ ಎಲ್ಲರಿಗೂ ಹೇಳಿದೆ: "ಎಲಿಹುದು ಒಲೆಯಿಂದ ಮೂರನೇ ಪೆಟ್ಟಿಗೆ." ಆಗ ಪ್ರಿನ್ಸ್ ಮಾವ ಅಂದ, "ಮಧ್ಯದಲ್ಲಿ ಜಾಗ ಬದಲಾಯಿಸಿದ್ರೆ ಏನಮ್ಮಾ ಗತಿ? ಕೇಳಿದ್ರೆ ಓದಿ ಹೇಳಬೇಕು ಅಂತ ಕಾನೂನಲ್ಲೇ ಇದ್ಯಂತಲ್ಲ." ನಾನು ಏನೆಂದೆ ಗೊತ್ತೇ? "ಕೇಳಬೇಡಿ! ಕೇಳಿದ್ರೆ ಓದು ಬರಲ್ಲ ಅಂತ ಹಲ್ಲು ಕಿಸೀತಾರೆ. ಓದೋರ ಹಾಗೆ ತಲೆ ಎತ್ಕೊಂಡು ಹೋಗಿ, ಒಲೆಯಿಂದ ಮೂರನೇದಕ್ಕೆ ಹಾಕಿ, ತಲೆ ಎತ್ಕೊಂಡು ಬನ್ನಿ." ಒಬ್ಬರೂ ಕೇಳಲಿಲ್ಲ. ಮೊದಲ ಒಂಬತ್ತು ಜನ ಹಾಕಿ ಬಂದ ಮೇಲೆ ಚುನಾವಣೆ ನಡೆಸುವ ಬಿಳಿಯರು ಪೆಟ್ಟಿಗೆಗಳ ಜಾಗ ಬದಲಾಯಿಸಿದರು. ಸಂಜೆ ಗುಡಿಸಲು ಹೋದಾಗ ಎಲಿಹುವಿನ ಪೆಟ್ಟಿಗೆ ಬಾಗಿಲ ಪಕ್ಕದಲ್ಲಿತ್ತು, ಒಲೆಯ ಬೂದಿಯಲ್ಲಿ ಅವನ ಹೆಸರಿನ ಅರ್ಧ ಸುಟ್ಟ ಚೀಟಿಗಳಿದ್ದವು. ಆ ಬೂದಿಯನ್ನು ನಾನೇ ಹೊರಗೆ ಚೆಲ್ಲಿದೆ.

ನನ್ನ ಗಂಡ ಐಶಮ್ ಸಾಯುವ ವಾರ ಕೇಳಿದ, "ನನ್ ಚೀಟಿ ಸರಿಯಾದ ಪೆಟ್ಟಿಗೆಗೇ ಬಿತ್ತು ಅಲ್ವೇನೇ?" ಬಿತ್ತು ಎಂದೆ. ಅವನು ಸರದಿಯಲ್ಲಿ ನಲವತ್ತನೆಯವನಾಗಿದ್ದ.

ಆ ಅರವತ್ತೆರಡು ಜನರಲ್ಲಿ ಹದಿನೇಳು ಜನ ಇನ್ನೂ ಇದ್ದಾರೆ. ಬರುವ ಭಾನುವಾರ ಚರ್ಚಿನಲ್ಲಿ ಅವರೆದುರು ಎದ್ದು ನಿಂತು ಇದನ್ನೇ ಹೇಳುತ್ತೇನೆ, ಆಮೇಲೆ ಅವರು ನನ್ನನ್ನು ಏನು ಬೇಕಾದರೂ ಅನ್ನಲಿ. ನೀನು ಎಲಿಹುವಿನ ಗೋರಿಯ ಬಳಿ ಹೋದಾಗ ಗಟ್ಟಿಯಾಗಿ ಓದಿ ಹೇಳು. ಯಾರೂ ಅವನನ್ನು ಮಾರಲಿಲ್ಲ. ಅರವತ್ತೆರಡು ಜನವೂ ಅವನ ಹೆಸರಿನ ಚೀಟಿಯನ್ನೇ ಹಿಡಿದು, ತಲೆ ಎತ್ತಿಕೊಂಡೇ ಹೋದರು. ಪೆಟ್ಟಿಗೆ ಸರಿಸಿದವರು ಆ ಬಿಳಿಯರು. ಕೇಳಬೇಡಿ ಎಂದವಳು ನಾನು.