ಬಾಗಿಲಲ್ಲಿ ಮೂವತ್ತೈದು ನಿಮಿಷ

12 ಜನವರಿ, ಭಾನುವಾರ

ಡೈರಿಗೆ ಹಾಲು ಹಾಕಿ ಬಂದೆ. ಅತ್ತೆಗೆ ಶುಗರ್ ಮಾತ್ರೆ ಕೊಟ್ಟೆ. ರೊಟ್ಟಿ ತಟ್ಟುತ್ತಿದ್ದಾಗ ಇವರ ಫೋನು. ಗೊಬ್ಬರದ ಕಂಪನಿಯ ಡೀಲರ್ ಟೂರ್ ಪಟ್ಟಿ ಬಂದಿದೆಯಂತೆ. ಬೆಟ್ಟದಪುರದಿಂದ ನಮ್ಮ ಅಂಗಡಿಯೊಂದೇ. ಈ ಸಲ ಹಡಗು. ಮುಂಬೈಯಿಂದ ಕೊಚ್ಚಿ, ಅಲ್ಲಿಂದ ಗೋವಾ. ಇಬ್ಬರಿಗೆ ಟಿಕೆಟ್.

ಇಬ್ಬರು ಅಂದರೆ ಗಂಡ ಹೆಂಡತಿ ಅಂತ ಖುಷಿಪಟ್ಟಿದ್ದೇ ಬಂತು. ಇವರಿಗೆ ಕೆರೆ ಏರಿ ಮೇಲೆ ನಡೆಯಲೂ ಭಯ. ಮಧ್ಯಾಹ್ನ ಬಂದವರೇ, “ನನ್ ಕೈಲಾಗಕಿಲ್ಲ ಕಣೇ. ಒಗೆಸೊಪ್ಪಿನ ಅರಾಜು ಬೇರೆ ಮುಗಿಯೋ ವಾರ. ಅವ್ವನ್ನ ಕರ್ಕೊಂಡೋಗು” ಅಂದರು.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಇವ್ಳ್ ಜೊತೆಗಾ? ಬಸ್ಸೇ ಇಡಿಯಕ್ ಬರ್ದವ್ಳು ಅಡಗು ಇಡೀತಾಳಾ.”

ಹದಿನಾಲ್ಕು ವರ್ಷದ ಹಿಂದಿನ ಮಾತು. ಮದುವೆಯಾದ ಹೊಸದು. ಅತ್ತೆಯನ್ನು ಕೆ.ಆರ್.ನಗರದ ನೆಂಟರ ಮನೆಗೆ ಕರೆದುಕೊಂಡು ಹೋಗಿ, ಕೊನೇ ಬಸ್ಸು ತಪ್ಪಿ, ಇಬ್ಬರೂ ಬಸ್‌ಸ್ಟ್ಯಾಂಡ್ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದ್ದೆವು. ಅಂದಿನಿಂದ ನಾನು ಮಧುಶ್ರೀ ಅಲ್ಲ, ಬಸ್ ತಪ್ಪಿಸಿದವಳು. ನಾಮಕರಣವೋ ಗೃಹಪ್ರವೇಶವೋ, ಅತ್ತೆ ಈ ಕಥೆ ಹೇಳದೆ ಎಲೆ ಬಿಟ್ಟು ಎದ್ದವರಲ್ಲ.

13 ಜನವರಿ, ಸೋಮವಾರ

ಅತ್ತೆ ಒಪ್ಪಿದರು! ನನ್ನ ಮೇಲಿನ ನಂಬಿಕೆಯಿಂದ ಅಲ್ಲ. ಕೊಚ್ಚಿ ಅನ್ನುವ ಹೆಸರಿನಿಂದ.

ಕೊಚ್ಚಿಯಲ್ಲಿ ಏಲಿಯಮ್ಮ ಇದ್ದಾರೆ. ಹನ್ನೊಂದು ವರ್ಷದ ಹಿಂದೆ ಅವರೂ ಗಂಡನೂ ನಮ್ಮ ಹೊಲದ ಪಕ್ಕ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದರು. ಮೂರು ವರ್ಷ ಶೆಡ್ಡಿನಲ್ಲೇ ವಾಸ. ಅತ್ತೆಯ ಆಪರೇಷನ್, ನನ್ನ ಹೆರಿಗೆ ಎರಡೂ ಒಂದೇ ತಿಂಗಳು. ಹದಿನೈದು ದಿನ ನಮ್ಮ ಒಲೆ ಹಚ್ಚಿದ್ದು ಆ ಹೆಂಗಸು. ಅವರು ಮುದ್ದೆ ತಿರುವುವುದು ಕಲಿತದ್ದೂ ಆಗಲೇ. ಈಗಲೂ ವಾರಕ್ಕೊಂದು ಫೋನು. ಅವರದ್ದು ಅರ್ಧ ಮಲಯಾಳ, ಅತ್ತೆಯದು ಪೂರ್ತಿ ಬೆಟ್ಟದಪುರ. ಇಬ್ಬರಿಗೂ ಎಲ್ಲಾ ಅರ್ಥವಾಗುತ್ತದೆ.

“ಅಡಗು ಎಷ್ಟೊತ್ ನಿಂತ್ಕತದೆ?”

“ಬೆಳಿಗ್ಗೆ ಒಂಬತ್ತರಿಂದ, ಅತ್ತೆ. ಸಾಯಂಕಾಲ ಐದರೊಳಗೆ ವಾಪಸ್ ಹತ್ತಬೇಕು.”

“ಏಲಿಯಮ್ಮನ್ ಮನೆ ಒಳಕ್ಕೋಗಿ ಬರ್ಬೋದಾ? ಅದೊಂದಾದ್ರೆ ಇನ್ನೇನೂ ಬ್ಯಾಡ ಕಣವ್ವ ನಂಗೆ.”

ಹೂಂ ಅಂದುಬಿಟ್ಟೆ.

19 ಜನವರಿ, ಭಾನುವಾರ

ಡೀಲರುಗಳ ವಾಟ್ಸಾಪ್ ಗ್ರೂಪು. ಕೆ.ಆರ್.ನಗರದ ವಿರೂಪಾಕ್ಷಪ್ಪ ತಮಗೆ ತಾವೇ ಲೀಡರ್. ಕೊಚ್ಚಿಯ ದಿನಕ್ಕೆ ಕಂಪನಿ ಬಸ್ಸಿದೆ — ಮಾಲ್, ಊಟ, ಅರಮನೆ. ಯಾರ ಮನೆಗೂ ಹೋಗುವುದಿಲ್ಲ. ನಾವು ಬೇರೆ ಹೋಗುತ್ತೇವೆ ಅಂತ ಹಾಕಿದೆ. ತಕ್ಷಣ ವಾಯ್ಸ್ ಮೆಸೇಜು: “ತಂಗೀ, ಅಡಗು ನಮ್ಮೂರ್ ಬಸ್ಸಲ್ಲ, ಕೂಗುದ್ರೆ ನಿಲ್ಲಕ್ಕೆ. ಎಂಗುಸ್ರು ಇಬ್ರೇ ಯಾಕ್ ರಿಸ್ಕು? ಬಸ್ ಅತ್ಕಳಿ.”

ಹತ್ತುವುದಿಲ್ಲ.

ಗ್ರಾಫ್ ಶೀಟ್ ತೆಗೆದುಕೊಂಡು ಕೂತೆ. ಮೀನಿನ ಬಲೆ, ಅರಮನೆ, ಮಸಾಲೆ ಬೀದಿ, ಗುಡಿ, ಕೊನೆಗೆ ಏಲಿಯಮ್ಮನ ಮನೆ. ಮೀನಿನ ಬಲೆ ನನ್ನ ಆಸೆ. ನಮ್ಮ ಕೊಟ್ಟಿಗೆಗಿಂತ ದೊಡ್ಡ ಬಲೆ, ಮರದ ದಿಮ್ಮಿಗೆ ಕಟ್ಟಿ ನೀರಿಗೆ ಇಳಿಸಿ ಎತ್ತುತ್ತಾರಂತೆ. ವಿಡಿಯೋದಲ್ಲಿ ನೋಡಿದಾಗಿನಿಂದ ಅದೇ ಕಣ್ಣಲ್ಲಿದೆ.

2 ಫೆಬ್ರವರಿ, ಭಾನುವಾರ

ಇವತ್ತು ರಿಹರ್ಸಲ್. ಇವರು ನಕ್ಕರು, ನಗಲಿ. ಪೇಪರಿನ ಮೇಲಿನ ಟೈಮು ಬೇರೆ, ಅತ್ತೆಯ ಟೈಮು ಬೇರೆ ಅಂತ ನನಗೆ ಗೊತ್ತು. ಎಷ್ಟು ಬೇರೆ ಅಂತ ಗೊತ್ತಾಗಬೇಕಿತ್ತು.

ನಮ್ಮ ಅಂಗಡಿಯೇ ಹಡಗು. ಒಂಬತ್ತಕ್ಕೆ ಇಳಿಯುವುದು, ಐದಕ್ಕೆ ಒಂದು ಗಂಟೆ ಮೊದಲೇ, ನಾಲ್ಕಕ್ಕೆ ಹತ್ತುವುದು. ಹುಣಸೂರು ಪೇಟೆಯೇ ಮಸಾಲೆ ಬೀದಿ. ಗುಡಿಗೆ ಕೋಟೆ ಊರಿನ ವರದರಾಜಸ್ವಾಮಿ. ಏಲಿಯಮ್ಮನ ಬದಲು ಹ್ಯಾಂಡ್‌ಪೋಸ್ಟ್ ಊರಿನ ವೀರಮ್ಮ, ಅತ್ತೆಯ ತಂಗಿ. ಅಂಗಡಿಯ ಓಮ್ನಿ, ಮಾದೇಶ ಡ್ರೈವರು. ನನ್ನ ಕೈಯಲ್ಲಿ ಪೆನ್ನು.

9.00 ಅಂದದ್ದು 9.25 ಆಯಿತು. ಮನೆ ಗೇಟಿನಿಂದಲೇ ಅತ್ತೆ ಎರಡು ಸಲ ವಾಪಸ್ — ಗ್ಯಾಸ್ ಆಫ್ ಮಾಡಿದ್ದೀನಾ, ಬಾಗಿಲು ಹಾಕಿದ್ದೀನಾ.

ಹುಣಸೂರು 10.20. ಬಟ್ಟೆ ಅಂಗಡಿಗೆ ಹದಿನೈದು ನಿಮಿಷ ಬರೆದಿದ್ದೆ. ಐವತ್ತು ಹಿಡಿಯಿತು. ಕೊಂಡದ್ದು ಒಂದು ಬ್ಲೌಸ್ ಪೀಸು. ಕಾಫಿ ಬೇಡ ಅಂದರು. ಇಡ್ಲಿ ಬೇಡ ಅಂದರು.

ಕೋಟೆ 12.05. ಗುಡಿ ಮೆಟ್ಟಿಲಲ್ಲೇ ಅತ್ತೆಗೆ ಕಣ್ಣು ಕತ್ತಲಿಟ್ಟಿತು. ಕೂರಿಸಿ ನೀರು ಕುಡಿಸಿದೆ. ಕೇಳಿದರೆ, ಮಾತ್ರೆ ನುಂಗಿದ್ದಾರೆ, ಬೆಳಗಿನಿಂದ ಒಂದು ಅಗುಳು ತಿಂದಿಲ್ಲ.

“ಗುಡಿಗೋಗೋ ದಿನ ದೇವ್ರ ನೋಡಕ್ಮುಂಚೆ ತಿನ್ನಕ್ಕಾಯ್ತದಾ?”

ಹದಿನಾಲ್ಕು ವರ್ಷ ಅತ್ತೆಯ ಜೊತೆ ಬಾಳಿ, ಗುಡಿಯನ್ನು ನಡುವೆ ಎಲ್ಲೋ ಬರೆದಿದ್ದೆನಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಹ್ಯಾಂಡ್‌ಪೋಸ್ಟ್ 1.10. ಊಟ. 2.05ಕ್ಕೆ “ಬತ್ತೀವಿ ಕಣ್ ವೀರಿ” ಅಂತ ಎದ್ದರು. ಬಾಗಿಲಲ್ಲಿ ನಿಂತು ಮಾತು. ಕುಂಕುಮ ಕೊಡುವುದು ಮರೆತು ಮತ್ತೆ ಒಳಗೆ. ಗೇಟಿನಲ್ಲಿ ಮಾತು. ಕರಿಬೇವು ಮುರಿದುಕೊಟ್ಟಳು. ಓಮ್ನಿ ಹತ್ತಿದ ಮೇಲೆ ಕಿಟಕಿಯಲ್ಲಿ ಮಾತು. ಸೆರಗು ಹಿಡಿದು ಮೂರು ಸಲ ಎಳೆದೆ. ಮಾದೇಶ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ಹೊರಟದ್ದು 2.40.

ಒಳಗಿನ ಮಾತು ಊಟದ ಜೊತೆಗೇ ಮುಗಿದಿತ್ತು. ಬಾಗಿಲಲ್ಲಿ ಮೂವತ್ತೈದು ನಿಮಿಷ!

ಕೆ.ಆರ್.ನಗರದಲ್ಲೂ ಹೀಗೇ ಆಗಿತ್ತು. ಹೀಗೇ ಸೆರಗು ಎಳೆದಿದ್ದೆ. ಹೊಸ ಸೊಸೆ, ಬಾಯಿ ಬಿಡುವ ಹಾಗಿರಲಿಲ್ಲ. ಈಗ ಬರೆದು ಏನು ಬಂತು.

ಅಂಗಡಿ ಮುಟ್ಟಿದಾಗ 4.40. ಶಟರ್ ಕೆಳಗೆ. ತಟ್ಟಿದೆ.

“ಯಾರು?”

“ನಾವೇ ಕಣ್ರೀ.”

“ಅಡಗು ನಾಕಕ್ಕೇ ಒಂಟೋಯ್ತು” ಅಂದರು ಒಳಗಿನಿಂದ. ಮಾದೇಶ ಬಿದ್ದು ಬಿದ್ದು ನಕ್ಕ. ಅತ್ತೆಯೂ ನಕ್ಕರು. ಆಮೇಲೆ ಜಗಲಿ ಮೇಲೆ ಕೂತು, ಕಾಲು ನೀವಿಕೊಳ್ಳುತ್ತಾ ಮೆತ್ತಗೆ ಕೇಳಿದರು: “ಏಲಿಯಮ್ಮಂಗೆ ಬರಾಕಾಗಕಿಲ್ಲ ಅಂತ ಫೋನ್ ಮಾಡ್ಬುಡ್ಲಾ, ಮಧು?”

“ಬೇಡ” ಅಂದೆ. ಗಟ್ಟಿಯಾಗೇ ಅಂದೆ.

3 ಫೆಬ್ರವರಿ, ಸೋಮವಾರ

ಹಳೇ ಶೀಟು ಹರಿದು ಒಲೆಗೆ ಹಾಕಿದೆ. ಏಲಿಯಮ್ಮನಿಗೆ ಫೋನ್ ಮಾಡಿದೆ. ಒಳ್ಳೇದೇ ಆಯಿತು. ಅಲ್ಲಿಯ ಭಗವತಿ ಗುಡಿ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಹಾಕಿದರೆ ಸಾಯಂಕಾಲವೇ ತೆಗೆಯುವುದು. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ನಾವು ಇಳಿಯುವುದೇ ಶುಕ್ರವಾರ. ಗ್ರೂಪಿನಲ್ಲಿ ಹಾಕಿದೆ. ವಿರೂಪಾಕ್ಷಪ್ಪ ಹೆಬ್ಬೆರಳು ಒತ್ತಿ ಸುಮ್ಮನಾದರು.

ಹೊಸ ಆರ್ಡರು:

ಮೊದಲು ಗುಡಿ, ಖಾಲಿ ಹೊಟ್ಟೆಯಲ್ಲಿ. ಅಂದು ಮಾತ್ರೆ ದರ್ಶನದ ಮೇಲೆ — ಡಾಕ್ಟರ್ ಹೂಂ ಅಂದಿದ್ದಾರೆ. ಆಮೇಲೆ ಏಲಿಯಮ್ಮನ ಮನೆ. ಕೊನೆಗಿಟ್ಟರೆ ಹಡಗು ತಪ್ಪುತ್ತದೆ. ಆಮೇಲೆ ಒಂದು ಬೇರೆ ಸಾಲೇ ಹಾಕಿದೆ: ಬಾಗಿಲಲ್ಲಿ ಮಾತು, 12.30ರಿಂದ 1.05. ಆಮೇಲೆ ಮಸಾಲೆ ಬೀದಿ. ಹಡಗು 4.00. ಐದು ಅನ್ನುವ ಅಂಕಿ ಎಲ್ಲೂ ಬರೆಯಲಿಲ್ಲ.

ಮೀನಿನ ಬಲೆಗೆ ಜಾಗ ಸಿಗಲಿಲ್ಲ. ಗೀಟು ಹಾಕಿ ಹೊಡೆದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

19 ಫೆಬ್ರವರಿ, ಬುಧವಾರ, ಮುಂಬೈ

ಹಡಗು ಅಂದರೆ ಹುಣಸೂರು ಬಸ್‌ಸ್ಟ್ಯಾಂಡಿನ ಹತ್ತರಷ್ಟು. ಲಿಫ್ಟೇ ಎಂಟೋ ಒಂಬತ್ತೋ.

ಸೆಕ್ಯುರಿಟಿಯಲ್ಲಿ ಬ್ಯಾಗು ಬಿಚ್ಚಿಸಿದರು. ಏಲಿಯಮ್ಮನಿಗೆ ಅಂತ ತಂದಿದ್ದ ರಾಗಿ ಹಿಟ್ಟು, ಅವರೆಕಾಳು. ಒಳಗೆ ಬಿಡುವ ಹಾಗಿಲ್ಲವಂತೆ. ಅತ್ತೆ ಕನ್ನಡದಲ್ಲೇ ವಾದ ಮಾಡಿದರು. “ಇದ್ನ ನಾವ್ ತಿನ್ನಾಕಿಲ್ಲ ಕಣವ್ವ, ನೆಂಟ್ರಿಗೆ.” ಸೆಕ್ಯುರಿಟಿ ಹುಡುಗಿ ನಮಸ್ಕಾರ ಮಾಡಿ ಎತ್ತಿಟ್ಟುಕೊಂಡಳು. “ಬರಿಗೈಲಿ ಎಂಗೋಗ್ಲಿ” ಅಂತ ಅತ್ತೆ ರೂಮಿನಲ್ಲಿ ಕಣ್ಣು ಒರೆಸಿಕೊಂಡರು.

20 ಫೆಬ್ರವರಿ

ಬರೀ ನೀರು. ನನಗೆ ಎರಡು ಸಲ ವಾಂತಿ. ವಿರೂಪಾಕ್ಷಪ್ಪ ಮಲಗಿದ್ದಾರೆ. ಅತ್ತೆ ಡೆಕ್ ಮೇಲೆ ಕೂತು ಯಾರದ್ದೋ ಮಗುವಿಗೆ ಜಡೆ ಹಾಕುತ್ತಿದ್ದಾರೆ.

21 ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ 9.38

ಇಳಿದೆವು. ಏಲಿಯಮ್ಮನ ಅಳಿಯನ ಆಟೋ ಹಾಜರ್. ಕಂಪನಿ ಬಸ್ಸು ಇನ್ನೂ ತಲೆ ಎಣಿಸುತ್ತಿದೆ.

11.05

ದರ್ಶನ ಆಯಿತು. ಮಾತ್ರೆ, ಎರಡು ಬಾಳೆಹಣ್ಣು ಆಯಿತು. ನಾವು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಬಾಗಿಲು ಎಳೆದರು. ಗೆದ್ದೆ ಅನ್ನಿಸಿತು. ಆಗಿರುವುದು ಇನ್ನೂ ಒಂದೇ ಸ್ಟಾಪು, ಸೊಕ್ಕು ಬೇಡ.

12.35, ಆಟೋದಲ್ಲಿ

ಆಟೋ ಕುಲುಕುತ್ತಿದೆ, ಆದರೂ ಬರೆಯಬೇಕು.

ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಏಲಿಯಮ್ಮ ಅತ್ತೆಯ ಕೈ ಹಿಡಿದು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ತಪ್ಪಲೆ ಮುಚ್ಚಳ ತೆಗೆದರು. ಮುದ್ದೆ! ಕೂಸುಗಳಿಗೆ ಕೊಡಲು ಅಲ್ಲೂ ರಾಗಿ ಹಿಟ್ಟು ಸಿಗುತ್ತದಂತೆ. ಜೊತೆಗೆ ಮೀನಿನ ಸಾರು. ಅತ್ತೆ ಒಂದು ತುತ್ತು ಮುರಿದು ನುಂಗಿದರು.

“ಗಂಟು ಕಟ್ಟಿಲ್ಲ ಕಣೇ” ಅಂದರು. ಆಗ ಅತ್ತರು. ಇಬ್ಬರೂ ಅತ್ತರು, ನಾನೂ.

12.30ಕ್ಕೆ “ಅತ್ತೆ, ಬಾಗಿಲಿಗೆ ಬನ್ನಿ” ಅಂದೆ. ಮೂವತ್ತೈದು ನಿಮಿಷಕ್ಕೆ ಸಿದ್ಧವಾಗಿ ಕಂಬಕ್ಕೆ ಒರಗಿದೆ. ನೋಡಿದರೆ ಏಲಿಯಮ್ಮ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು, ಬೀಗ ಹಾಕುತ್ತಿದ್ದಾರೆ.

“ಮೂರ್ ವರ್ಷ ನೋಡಿವ್ನಿ ಚೇಚಿ. ಬತ್ತೀನಿ ಬತ್ತೀನಿ ಅಂತ ಒಲದ್ ಬದಿನ್ ಮೇಲೆ ಒಂದ್ ಗಂಟೆ ನಿಂತ್ಕತೀರಿ. ನಾನೂ ವರುಂ, ನಿಮ್ ಜೊತೆ. ಆಟೋದಲ್ಲೇ ಆಡಾನ ಮಾತು.”

ಒಂದು ನಿಮಿಷವೂ ಆಗಲಿಲ್ಲ. ಇಬ್ಬರೂ ನನ್ನ ಪಕ್ಕದಲ್ಲಿ ಮಾತಾಡುತ್ತಲೇ ಇದ್ದಾರೆ. ಆಟೋ ಓಡುತ್ತಲೇ ಇದೆ.

2.50

ಮಸಾಲೆ ಬೀದಿ ಆಯಿತು. ಒಣಶುಂಠಿ ಮೂಟೆ ಕಂಡು ಅತ್ತೆ ಒಂದು ತುಂಡು ಮೂಸಿ, “ಇದು ನಮ್ ಕಡೇದೇ ಕಣವ್ವ” ಅಂದರು. ಅಂಗಡಿಯವನು ಇರಬಹುದು ಅಂದ. ಆಮೇಲೆ ನನ್ನ ಕೈಯಿಂದ ಶೀಟು ಇಸಿದುಕೊಂಡು, ಕನ್ನಡಕ ಹಾಕಿ ಓದಿದರು.

“ಇದ್ಯಾಕೆ ಒಡ್ದಾಕಿದ್ದೀಯ, ಮೀನಿನ್ ಬಲೆ?”

“ಟೈಮಿರಲಿಲ್ಲ ಅತ್ತೆ.”

“ಈಗೈತಲ್ಲ.”

ಹೋದೆವು. ದಿಮ್ಮಿ ಕೆಳಗಿಳಿದು, ನೀರಿನಿಂದ ಬಲೆ ಮೇಲೆದ್ದು, ಅದರ ತುಂಬಾ ಬಿಸಿಲು. ಮೀನು ಇದ್ದದ್ದು ನಾಲ್ಕೇ. ಹಗ್ಗ ಎಳೆಯಲು ಕರೆದರು. ಸೆರಗು ಸಿಕ್ಕಿಸಿ ನಾನೂ ಎಳೆದೆ. ಅತ್ತೆ ಫೋಟೋ ತೆಗೆದರು, ಅವರ ಹೆಬ್ಬೆರಳೇ ಅರ್ಧ ಬಂದಿದೆ. ಇಷ್ಟು ಸಂತೋಷ ಯಾವತ್ತು ಪಟ್ಟಿದ್ದೆನೋ ನೆನಪಿಲ್ಲ.

3.56

ಬಂದರಿನ ಗೇಟು. 3.20ಕ್ಕೇ ಮುಟ್ಟಿದೆವು. ಬೀಳ್ಕೊಡುವ ಮಾತು ಇಲ್ಲಿ ಶುರುವಾಯಿತು, ಹಡಗು ಕಣ್ಣೆದುರಿಗೇ ನಿಂತಿರುವಾಗ. ನಾನು ಕಲ್ಲಿನ ಮೇಲೆ ಕೂತು ಎಳನೀರು ಕುಡಿದೆ. ಸೆರಗು ಎಳೆಯಲಿಲ್ಲ. ಮುಗಿದದ್ದು 3.55. ಅದೇ ಮೂವತ್ತೈದು!

5.05, ಡೆಕ್

ಕಂಪನಿ ಬಸ್ಸು 4.51ಕ್ಕೆ ಬಂತು. ಮಾಲಿನಲ್ಲಿ ಲೇಟು, ಅರಮನೆ ಮುಂದೆ ಬೀಗ ನೋಡಿ ವಾಪಸ್, ಸೇತುವೆ ಮೇಲೆ ಜಾಮು. ಎಲ್ಲರೂ ಓಡಿದರು. ಎಲ್ಲರಿಗಿಂತ ಹಿಂದೆ ವಿರೂಪಾಕ್ಷಪ್ಪ, ಎರಡು ಕೈಯಲ್ಲೂ ಚೀಲ, ಒಂದು ಚಪ್ಪಲಿ ಮಾತ್ರ ಕಾಲಲ್ಲಿ. ಅತ್ತೆ ಕಂಬಿ ಹಿಡಿದು ಬಗ್ಗಿ ಹೇಳಿದರು:

“ನಿಧಾನ ಕಣಪ್ಪ ವಿರೂಪಾಕ್ಷ. ಅಡಗು ಇಲ್ಲೇ ಐತೆ.”

7.30

ಊಟದ ಹಾಲಿನಲ್ಲಿ ಡೀಲರುಗಳ ಹೆಂಡತಿಯರು ನಮ್ಮ ಮೇಜಿಗೇ ಬಂದು ಕೂತರು. ಏನೇನು ನೋಡಿದಿರಿ, ಹೇಗೆ ಬಂದಿರಿ. ಅತ್ತೆ ಶೀಟನ್ನು ಎಲ್ಲರಿಗೂ ತೋರಿಸಿದರು. “ನನ್ ಸೊಸೆ ಬರ್ದಿರೋದು.” ವಿರೂಪಾಕ್ಷಪ್ಪನೂ ಕನ್ನಡಕ ಏರಿಸಿ ಓದಿ, “ಬಾಗಿಲಲ್ಲಿ ಮಾತು ಅಂತ ಬೇರೆ ಟೈಮಾ?” ಅಂದರು. ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. ಚಮಚ ಕೆಳಗಿಟ್ಟರು. ಬಸ್ಸಿನ ಕಥೆ ಬಂತು ಅಂತ ನಾನು ತಲೆ ತಗ್ಗಿಸಿದೆ. ಬಂದದ್ದು ಅದೇ ಕಥೆ.

“ನಿಮ್ಮೂರಲ್ಲೇ ಒಂದ್ ದಪ ಬಸ್ ತಪ್ತು ವಿರೂಪಾಕ್ಷಪ್ಪ. ಇವ್ಳು ತಪ್ಸುದ್ಲು ಅಂತ ಊರೆಲ್ಲಾ ಏಳ್ಕೊಂಡ್ ಬಂದೆ. ಬಾಗ್ಲಲ್ಲಿ ನಿಂತ್ಕಂಡ್ ಮಾತಾಡ್ತಿದ್ದೋಳು ನಾನು. ಈ ಮಗ ಮೂರ್ ದಪ ಸೆರಗು ಎಳುದ್ಲು. ನಂಗೊತ್ತಿತ್ತು. ಅವತ್ತೇ ಗೊತ್ತಿತ್ತು.”

ಅತ್ತೆ ತಮ್ಮ ತಟ್ಟೆಯ ಜಾಮೂನು ನನ್ನ ತಟ್ಟೆಗೆ ಹಾಕಿದರು.

ಹದಿನಾಲ್ಕು ವರ್ಷ. ಇವರಿಗೆ ಫೋನ್ ಮಾಡಿ ಹೇಳಬೇಕು, ಸಿಗ್ನಲ್ ಇಲ್ಲ. ಬೆಟ್ಟದಪುರದ ತನಕ ಕೂಗಿ ಹೇಳಬೇಕು ಅನ್ನಿಸುತ್ತಿದೆ.

ಗೋವಾಕ್ಕೆ ನಾನೇ ಆರ್ಡರ್ ಹಾಕಬೇಕಂತೆ. ಹನ್ನೆರಡು ಜನ ಸೇರಿದ್ದಾರೆ, ವಿರೂಪಾಕ್ಷಪ್ಪನೂ ಸೇರಿ. ಹೊಸ ಶೀಟು ತೆಗೆದೆ. ಮೊದಲು ಗುಡಿ. ಆಮೇಲೆ ಸಮುದ್ರ. ಬಾಗಿಲಲ್ಲಿ ಮಾತು — ಬೇಕಿಲ್ಲ, ಗೋವಾದಲ್ಲಿ ಅತ್ತೆಗೆ ಯಾರೂ ಗೊತ್ತಿಲ್ಲ.

ಅತ್ತೆ ಕರೆಯುತ್ತಿದ್ದಾರೆ. ನೆನ್ನೆ ಜಡೆ ಹಾಕಿದ ಮಗುವಿನ ತಾಯಿ ಗೋವಾದವಳಂತೆ. ಮನೆಗೆ ಬಂದೇ ಹೋಗಬೇಕು ಅಂದಳಂತೆ. ಅತ್ತೆ ಆಗಲೇ ಹೂಂ ಅಂದುಬಿಟ್ಟಿದ್ದಾರೆ.