ಎದುರು ಹೊಳೆಗೆ ಹೋದ ದೋಣಿ

ತಿ. ನರಸೀಪುರ
೬-೮-೨೦೨೪, ಮಂಗಳವಾರ

ಚಿ. ಸೌ. ನಯನಳಿಗೆ ನಿನ್ನ ಮಾವ ತಿಮ್ಮಯ್ಯ ಮನಸಾರೆ ಹರಸಿ ಬರೆಯುವುದು. ಸೌಭಾಗ್ಯವತಿ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ ಮಗಳೇ. ನಿನ್ನ ಕೈಹಿಡಿದ ನಮ್ಮ ಸಿದ್ದು ಹೊಳೆಯ ಪಾಲಾಗಿ ಎರಡು ವರ್ಷವಾಯಿತು. ಹೆಣ ಸಿಗಲಿಲ್ಲವೆಂದು ನಿಮ್ಮತ್ತೆ ತಿಥಿ ಮಾಡಲು ಬಿಟ್ಟಿಲ್ಲ. ಅಲ್ಲಿ ನಿನ್ನ ತವರು ಬಿಳಿಗೆರೆಯಲ್ಲಿ ನಂಜೇಶನೊಂದಿಗೆ ನಿನ್ನ ಮದುವೆ ಗೊತ್ತಾಗಿದೆ. ಯಾವ ಕಡೆಯಿಂದ ನೋಡಿದರೂ ನೀನು ಸೌಭಾಗ್ಯವತಿಯೇ, ಬರೆದುಬಿಟ್ಟೆ.

ನಿಮ್ಮ ತಾಯಿಯ ಮಂಡಿನೋವು ಇಳಿಯಿತೇ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಕಾಗದ.

ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟದ್ದು ಟಿ.ವಿ.ಯಲ್ಲಿ ನೋಡಿರುತ್ತೀಯ. ಹೊಳೆಯ ಸೋಪಾನಕಟ್ಟೆಯ ಬಳಿ ಕಟ್ಟಿದ್ದ ನಮ್ಮವರ ಎಂಟು ದೋಣಿಗಳೂ ಹಗ್ಗ ಹರಿದುಕೊಂಡು ಹೋದವು. ನೀರು ಇಳಿದ ಮೇಲೆ ಹುಡುಕುತ್ತಾ ಹೊರಟರೆ, ಏಳು ದೋಣಿ ಸಂಗಮದ ಕೆಳಗಿನ ಕಬ್ಬಿನ ಗದ್ದೆಯಲ್ಲಿ ಕೆಸರು ಕಚ್ಚಿ ಕೂತಿದ್ದವು. ಜೊತೆಗೆ ಬಂದಿದ್ದ ಪಕ್ಕದ ದೋಣಿಯ ನಟರಾಜ್ ಅಂಥಾ ಹೊತ್ತಲ್ಲೂ, "ಏನ್ ತಿಮ್ಮಣ್ಣ, ಕಬ್ಬು ಕಡಿಯಾಕೆ ದೋಣಿಗೋಳೇ ಬಂದ್ಬುಟ್ಟವಲ್ಲೋ" ಎಂದು ನಗಿಸಿದ. ಎಂಟನೆಯದು, ಸಿದ್ದುವಿನದು, ಅಲ್ಲಿರಲಿಲ್ಲ. ಅದು ಸಿಕ್ಕಿದ್ದು ಮೇಲುಗಡೆ, ನಮ್ಮ ಹಿತ್ತಿಲ ಹೊಂಗೆಮರದ ಬುಡದಲ್ಲಿ. ಅಷ್ಟು ಪ್ರವಾಹದಲ್ಲಿ ಎದುರು ಹೊಳೆಗೆ ಒಂದು ಫರ್ಲಾಂಗು ಬಂದು ದಡ ಹತ್ತಿದೆ. ಮೂರು ದಿನ ಮಳೆ ಹುಯ್ದರೂ ಒಳಗೆ ಹಲಗೆ ಒಣಗಿಕೊಂಡಿತ್ತು. ಮಿಕ್ಕವುಗಳ ಹಗ್ಗದ ತುದಿ ಜುಂಗು ಜುಂಗಾಗಿದ್ದರೆ, ಇದರ ಹಗ್ಗ ಮರಕ್ಕೆ ಬಿಗಿದು ಕಟ್ಟಿತ್ತು. ಸಿದ್ದು ಎಡಚನಲ್ಲವೇ, ಅವನ ಗಂಟು ಎಡಕ್ಕೇ ಸುತ್ತಿರುತ್ತದೆ. ಇದೂ ಹಾಗೇ ಇತ್ತು. ಈ ದಡದಲ್ಲಿ ಹಾಗೆ ಕಟ್ಟುವವರು ಬೇರೆ ಯಾರೂ ಇಲ್ಲ.

ನಗುತ್ತಿದ್ದ ನಟರಾಜನ ಮುಖ ಸಪ್ಪಗಾಯಿತು. "ಅಣ್ಣೋ, ಮುಟ್ಬ್ಯಾಡ. ಕಟ್ದೋನೇ ಬಿಚ್ಲಿ" ಅಂದ. ನಮ್ಮ ದೋಣಿಯವರ ಕಟ್ಟಳೆ ನಿನಗೆ ಗೊತ್ತಲ್ಲ, ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಬಿಚ್ಚುವಂತಿಲ್ಲ. ನಿಮ್ಮತ್ತೆ ಮಹದೇವಮ್ಮ ಮಾತ್ರ, "ನನ್ ಮಗ ಬಂದವ್ನೆ, ಉಣ್ಣಾಕಿಕ್ತೀನಿ" ಎಂದು ಎರಡು ದಿನದಿಂದ ಅಲ್ಲಿಗೇ ಮುದ್ದೆ ಸಾರು ಹೊರುತ್ತಿದ್ದಾಳೆ. ಸಂಜೆ ತಟ್ಟೆ ಖಾಲಿಯಾಗಿರುತ್ತದೆ. ನಾಯಿ ಎಂದುಕೊಂಡಿದ್ದೇನೆ. ಆದರೆ ಆ ಕಡೆ ನಾಯಿಗಳು ಸುಳಿಯುತ್ತಿಲ್ಲ. "ಸೊಸೆ ಕರೆಸ್ರಿ, ಮದ್ವೆ ನಿಲ್ಸ್ರಿ" ಎಂದು ಅವಳದು ಒಂದೇ ಹಟ. ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮುಂಚೆ ನಾನೇ ಬರೆದೆ.

ಎಲ್ಲರನ್ನೂ ಕೇಳಿದೆನೆಂದು ಹೇಳು. ನಂಜೇಶನಿಗೂ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಾವ,
ತಿಮ್ಮಯ್ಯ

ವಿ.ಸೂ.: ಕಾಗದ ಮಡಿಸುವ ಮುಂಚೆ ಹೋಗಿ ಆ ಗಂಟನ್ನು ಬಿಚ್ಚಿ ಬಂದೆ. ಹಗ್ಗ ಬಿಸಿಯಾಗಿತ್ತು, ಈಗತಾನೇ ಯಾರೋ ಹಿಡಿದು ಬಿಟ್ಟ ಹಾಗೆ. ದೋಣಿಯನ್ನು ನೀರಿಗೆ ನೂಕಿದರೆ ಹರಿವಿಗೆ ಹೋಗದೆ ನಿಂತೇ ಇತ್ತು. "ಆ ಹುಡ್ಗಿ ಬದುಕ್ಲಿ ಬುಡು ಮಗ" ಅಂದೆ. ಆಮೇಲೆ ಹೋಯಿತು. ನಿಮ್ಮತ್ತೆಗೆ ಏನು ಹೇಳುವುದೋ ಗೊತ್ತಿಲ್ಲ, ಅದು ನನ್ನ ಪಾಡು. ನೀನು ಇತ್ತ ಬರಬೇಡ. ಹಸೆಗೆ ಕೂರು.